ಅಡ್ಜಸ್ಟ್ ಅಂದ್ರೆ ಏನನ್ನ ಅಡ್ಜಸ್ಟ್?

ನನ್ನ ಅಕ್ಕನ ಮಗ ತುಮಕೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾನೆ. ಅಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹೋದ ತಿಂಗಳು ಹೊರದೇಶದ ಗಿರಾಕಿಯೊಬ್ಬರಿಗೆ ಮೇಲ್ ಬರೆದ. ಕೆಲಸ ಎರಡು ದಿನ ತಡ ಆಗುತ್ತೆ ಅಂತ ತಿಳಿಸಿ, ಕೊನೆಗೆ ‘ಪ್ಲೀಸ್ ಅಡ್ಜಸ್ಟ್’ ಅಂತ ಸೇರಿಸಿದ. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಎರಡೇ ಪದ. ‘ಅಡ್ಜಸ್ಟ್ ವಾಟ್?’

ಭಾನುವಾರ ಮನೆಗೆ ಬಂದವನು ಫೋನ್ ನನ್ನ ಮುಂದೆ ಹಿಡಿದ. “ಮಾವ, ಇದು ಇಂಗ್ಲಿಷ್ ಪದ ತಾನೇ? ಅವರದೇ ಪದ ಅವರಿಗೇ ಯಾಕೆ ಗೊತ್ತಾಗಲಿಲ್ಲ?”

ಒಳ್ಳೆ ಪ್ರಶ್ನೆ. ನಾನು ಅಲ್ಲೇ ಕೂತು ಏನೋ ಒಂದು ಹೇಳಿದೆ. ಆಮೇಲೆ ನಿಘಂಟು ತೆಗೆದು ನೋಡಿದರೆ, ನಾನು ಹೇಳಿದ್ದರಲ್ಲಿ ಅರ್ಧ ತಪ್ಪು. ಅದಕ್ಕೇ ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ರೈಲು ಹತ್ತೋಣ. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಬೆಳಗಿನ ಗಾಡಿಯಲ್ಲಿ ಮೂರು ಜನ ಕೂರುವ ಸೀಟು ತುಮಕೂರಿನಲ್ಲೇ ಭರ್ತಿ. ಮುಂದಿನ ಸ್ಟೇಷನ್ ಕ್ಯಾತಸಂದ್ರ. ಅಲ್ಲಿ ಒಬ್ಬರು ಹತ್ತುತ್ತಾರೆ, ಕೈಯಲ್ಲಿ ಟಿಫನ್ ಬ್ಯಾಗು. ಸೀಟಿನ ತುದಿಯಲ್ಲಿ ನಿಂತು ಯಾರ ಮುಖವನ್ನೂ ನೇರ ನೋಡದೆ, “ಒಸಿ ಅಡ್ಜಸ್ಟ್ ಮಾಡ್ಕಳಿ” ಅನ್ನುತ್ತಾರೆ. ಆಗ ನಡೆಯುವುದನ್ನು ಗಮನಿಸಿ. ಕಿಟಕಿ ಪಕ್ಕದವರು ಬ್ಯಾಗನ್ನು ತೊಡೆ ಮೇಲೆ ಎಳೆದುಕೊಳ್ಳುತ್ತಾರೆ. ನಡುವೆ ಇದ್ದವರು ಬೆನ್ನು ಮುಂದಕ್ಕೆ ತಂದು, ಭುಜ ಓರೆ ಮಾಡುತ್ತಾರೆ. ತುದಿಯವರು ನಾಲ್ಕು ಬೆರಳಿನಷ್ಟು ಜರುಗುತ್ತಾರೆ. ಆ ನಾಲ್ಕು ಬೆರಳ ಜಾಗದಲ್ಲಿ ಇಡೀ ಒಬ್ಬ ಮನುಷ್ಯ ಕೂತುಬಿಡುತ್ತಾರೆ. ಒಂದು ಕಾಲು ಪೂರ್ತಿ ನಡುದಾರಿಯಲ್ಲಿ. ಹಿರೇಹಳ್ಳಿ ಬರುವಷ್ಟರಲ್ಲಿ ನಾಲ್ವರಿಗೂ ಅದು ಅಭ್ಯಾಸ ಆಗಿರುತ್ತದೆ. ದಾಬಸ್‌ಪೇಟೆಯಲ್ಲಿ ಐದನೆಯವರು ಬರದಿದ್ದರೆ ಸಾಕು.

ಇಷ್ಟೆಲ್ಲ ಒಂದು ಪದದಿಂದ ಆಯಿತು. ಏನನ್ನ ಅಡ್ಜಸ್ಟ್ ಮಾಡಬೇಕು ಅಂತ ಯಾರೂ ಕೇಳಲಿಲ್ಲ. ಬ್ಯಾಗನ್ನಾ, ಭುಜವನ್ನಾ, ಮನಸ್ಸನ್ನಾ? ಎಲ್ಲವನ್ನೂ. ಆ ಪದದೊಳಗೆ ‘ಜಾಗ ಇಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು, ಆದರೂ ಹೇಗೋ ಮಾಡೋಣ’ ಅನ್ನುವ ಒಂದು ಪೂರ್ತಿ ಮಾತು ಅಡಗಿದೆ.

ಇಂಗ್ಲಿಷಿನ ಅಡ್ಜಸ್ಟ್ ಹಾಗಲ್ಲ. ಅದಕ್ಕೆ ಸಾಮಾನ್ಯವಾಗಿ ಒಂದು ವಸ್ತು ಬೇಕು. ಕನ್ನಡಿ ಅಡ್ಜಸ್ಟ್ ಮಾಡು, ಕುರ್ಚಿಯ ಎತ್ತರ ಅಡ್ಜಸ್ಟ್ ಮಾಡು, ಕುತ್ತಿಗೆಯ ಟೈ, ಗಡಿಯಾರ, ರೇಡಿಯೋ ಸೌಂಡು. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದರೆ ನಿಘಂಟಿಗಿಂತ ಬೈಕ್ ರಿಪೇರಿ ಅಂಗಡಿ ವಾಸಿ.

ನನ್ನ ಗಾಡಿಯ ಚೈನು ಲೂಸಾಗಿ ಟಕಟಕ ಅನ್ನುತ್ತಿತ್ತು. ಹುಡುಗ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ. ಚೈನಿನ ಕೆಳಭಾಗವನ್ನು ಬೆರಳಿನಿಂದ ಮೇಲಕ್ಕೆ ಕೆಳಕ್ಕೆ ಆಡಿಸಿದ. ಅದು ಸುಮಾರು ಎರಡು ಮೂರು ಸೆಂಟಿಮೀಟರ್ ಆಡಿದರೆ ಸರಿ, ಇದು ಅದಕ್ಕಿಂತ ತುಂಬಾ ಜಾಸ್ತಿ ಆಡುತ್ತಿತ್ತು. ಹಿಂದಿನ ಚಕ್ರದ ದೊಡ್ಡ ನಟ್ ಸಡಿಲಿಸಿದ. ಆಮೇಲೆ ಚಕ್ರದ ಎರಡೂ ಕಡೆ ಇರುವ ಅಡ್ಜಸ್ಟರ್ ನಟ್ಟುಗಳನ್ನು ಒಂದೊಂದೇ ಸುತ್ತು ತಿರುಗಿಸಿದ. ಎಡಕ್ಕೆ ಒಂದು ಸುತ್ತು ಹಾಕಿದರೆ ಬಲಕ್ಕೂ ಒಂದು. ಅಲ್ಲಿ ಕೆತ್ತಿದ ಗೀಟುಗಳನ್ನು ನೋಡಿ ಎರಡೂ ಕಡೆ ಸಮ ಇದೆಯಾ ಅಂತ ಬಗ್ಗಿ ನೋಡಿದ. ಇಲ್ಲದಿದ್ದರೆ ಚಕ್ರ ಓರೆಯಾಗುತ್ತೆ. ಮತ್ತೆ ಬೆರಳಿನಿಂದ ಚೈನು ಆಡಿಸಿದ. ನಾನು “ಇನ್ನೂ ಒಸಿ ಟೈಟ್ ಮಾಡಪ್ಪ” ಅಂದೆ. “ಬೇಡ ಸಾರ್, ಜಾಸ್ತಿ ಟೈಟಾದ್ರೆ ಚೈನು, ಬೇರಿಂಗು ಎರಡೂ ಬೇಗ ಹಾಳು” ಅಂದ.

ಇಂಗ್ಲಿಷಿನ ಅಡ್ಜಸ್ಟ್ ಅಂದರೆ ಪೂರ್ತಿ ಇದೇ. ಮಾಡುವ ಬದಲಾವಣೆ ಚಿಕ್ಕದು. ವಸ್ತು ಕೆಟ್ಟಿಲ್ಲ. ಕೆಟ್ಟಿದ್ದರೆ ಅದು ರಿಪೇರಿ, ಬೇರೆ ಚೈನು ಹಾಕಿದರೆ ಚೇಂಜ್. ಜೊತೆಗೆ, ಇನ್ನೊಂದಕ್ಕೆ ಸರಿಯಾಗಿ ಕೂರಿಸಲಿಕ್ಕೇ ಈ ಬದಲಾವಣೆ. ಚೈನು ಎರಡು ಹಲ್ಲಿನ ಚಕ್ರಗಳಿಗೆ ಸರಿಹೋಗಬೇಕು, ಕುರ್ಚಿ ಕೂರುವವರ ಕಾಲಿಗೆ ಸರಿಹೋಗಬೇಕು.

ಇದೇ ಅರ್ಥ ಸ್ವಲ್ಪ ಚಾಚಿಕೊಂಡು ಲೆಕ್ಕಪತ್ರಕ್ಕೂ ಹೋಗಿದೆ. ಹತ್ತು ವರ್ಷದ ಹಿಂದಿನ ಸಂಬಳಕ್ಕೂ ಇವತ್ತಿನ ಸಂಬಳಕ್ಕೂ ಹೋಲಿಸುವಾಗ ಬೆಲೆ ಏರಿದ್ದನ್ನು ಕಳೆದು ನೋಡುತ್ತಾರಲ್ಲ, ಅದು ಇನ್‌ಫ್ಲೇಷನ್ ಅಡ್ಜಸ್ಟೆಡ್. ಹಡಗಿನ ವಿಮೆಯಲ್ಲಿ ಇನ್ನೂ ಸ್ವಾರಸ್ಯದ ಬಳಕೆ ಇದೆ. ಬಿರುಗಾಳಿಗೆ ಸಿಕ್ಕ ಹಡಗು ಮುಳುಗದೆ ಇರಲಿ ಅಂತ ಕೆಲವರ ಸರಕನ್ನು ಸಮುದ್ರಕ್ಕೆ ಎಸೆಯುತ್ತಾರೆ ಅಂದುಕೊಳ್ಳಿ. ಹಡಗು ಉಳಿಯಿತು, ಉಳಿದವರ ಸರಕೂ ಉಳಿಯಿತು. ಎಸೆದ ಸರಕಿನ ನಷ್ಟ ಯಾರ ತಲೆಗೆ? ಬಹಳ ಹಳೇ ಕಾಲದಿಂದ ಬಂದ ನಿಯಮ ಏನೆಂದರೆ, ಉಳಿದವರೆಲ್ಲ ತಮ್ಮ ತಮ್ಮ ಸರಕಿನ ಬೆಲೆಗೆ ತಕ್ಕಂತೆ ಆ ನಷ್ಟವನ್ನು ಹಂಚಿಕೊಳ್ಳಬೇಕು. ಯಾರಿಗೆ ಎಷ್ಟು ಅಂತ ಲೆಕ್ಕ ಹಾಕುವವನ ಹೆಸರು ಆವರೇಜ್ ಅಡ್ಜಸ್ಟರ್. ಲಂಡನ್ನಿನಲ್ಲಿ 1869ರಲ್ಲೇ ಇವರದೊಂದು ಸಂಘ ಶುರುವಾಯಿತು. ಕ್ಯಾತಸಂದ್ರದಲ್ಲಿ ಹತ್ತಿದವರ ಕಷ್ಟವನ್ನು ಮೂರು ಜನ ಹಂಚಿಕೊಂಡರಲ್ಲ, ಅದನ್ನೇ ಕಾಗದದ ಮೇಲೆ ಮಾಡುವ ಕೆಲಸ ಇದು.

ವಸ್ತು ಇಲ್ಲದ ಬಳಕೆಯೂ ಇಂಗ್ಲಿಷಿನಲ್ಲಿ ಉಂಟು. ಬಿಸಿಲಿನಿಂದ ಕತ್ತಲ ಕೋಣೆಗೆ ಬಂದಾಗ ಮೊದಲು ಏನೂ ಕಾಣದೆ ನಿಧಾನವಾಗಿ ಕಾಣತೊಡಗುತ್ತದೆ. ಆಗ ಕಣ್ಣು ಕತ್ತಲಿಗೆ ಅಡ್ಜಸ್ಟ್ ಆಯಿತು ಅನ್ನುತ್ತಾರೆ. ಹಾಸ್ಟೆಲಿಗೆ ಸೇರಿದ ಹುಡುಗಿ ಮೊದಲ ವಾರ ಅತ್ತು, ಆಮೇಲೆ ಅಡ್ಜಸ್ಟ್ ಆದಳು. ಇದು ತನ್ನಷ್ಟಕ್ಕೆ ಆಗುವಂಥದು, ಅದಕ್ಕೆ ಹೊತ್ತು ಹಿಡಿಯುತ್ತದೆ. ಯಾರೋ ಎದುರು ನಿಂತು “ಅಡ್ಜಸ್ಟ್ ಆಗು” ಅಂತ ಕೇಳಿಕೊಳ್ಳುವ ವಿಷಯವೇ ಅಲ್ಲ. ಗಿರಾಕಿಗೆ ತಲೆಕೆಟ್ಟದ್ದು ಇಲ್ಲೇ. ಎರಡು ದಿನ ತಡ ಆಗುತ್ತೆ, ಸರಿ. ನಾನು ತಿರುಗಿಸಬೇಕಾದ ನಟ್ ಯಾವುದು ಅಂತ ಆತ ಕೇಳಿದ. ಅವನ ಮಟ್ಟಿಗೆ ಆ ಪ್ರಶ್ನೆ ನ್ಯಾಯವೇ.

ಈಗ ಮೂಲಕ್ಕೆ ಬರೋಣ. ನಾನು ಅಳಿಯನಿಗೆ ತಪ್ಪು ಹೇಳಿದ್ದು ಇಲ್ಲಿ. “ಜಸ್ಟ್ ಅಂದ್ರೆ ನ್ಯಾಯ. ಜಸ್ಟಿಸ್ ಇದೆಯಲ್ಲ, ಅದರಿಂದಲೇ ಅಡ್ಜಸ್ಟ್ ಬಂತು. ನ್ಯಾಯವಾಗಿ ಸರಿಮಾಡೋದು ಅಂತ” ಅಂದುಬಿಟ್ಟಿದ್ದೆ. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಹಾಗೆ ಮೋಸಹೋದವರಲ್ಲಿ ನಾನು ಮೊದಲಿಗನೇನಲ್ಲ. ಫ್ರಾನ್ಸಿನವರು ನೂರಾರು ವರ್ಷದ ಹಿಂದೆಯೇ ಹೀಗೇ ಅಂದುಕೊಂಡಿದ್ದರು.

ನಿಜವಾದ ಕತೆ ಲ್ಯಾಟಿನ್ನಿನ ‘ಯುಕ್ಸ್ತಾ’ ಅನ್ನುವ ಪದದಿಂದ ಶುರುವಾಗುತ್ತದೆ. ಅದರ ಅರ್ಥ ಪಕ್ಕದಲ್ಲಿ, ಹತ್ತಿರ. ‘ಅದ್’ ಅಂದರೆ ಕಡೆಗೆ. ಎರಡೂ ಸೇರಿ ‘ಅದ್‌ಯುಕ್ಸ್ತಾರೆ’, ಅಂದರೆ ಪಕ್ಕಕ್ಕೆ ತರು, ಹತ್ತಿರ ಕೂಡಿಸು. ನ್ಯಾಯದ ಜಸ್ಟ್ ಬಂದದ್ದು ‘ಯೂಸ್ತುಸ್’ ಅನ್ನುವ ಬೇರೆಯದೇ ಪದದಿಂದ. ಅದರ ಬೇರು ಕಾನೂನು ಅನ್ನುವ ಅರ್ಥದ್ದು. ಇವೆರಡಕ್ಕೂ ನೆಂಟಸ್ತನ ಇಲ್ಲ, ಬರೀ ಮುಖ ಹೋಲುತ್ತದೆ ಅಷ್ಟೇ.

ಹಳೇ ಫ್ರೆಂಚಿನಲ್ಲಿ ಈ ಪದ ‘ಅಜೂಸ್ತೆ’ ಅನ್ನುವ ಥರದ ರೂಪದಲ್ಲಿ, ಕೂಡಿಸು ಅನ್ನುವ ಅರ್ಥದಲ್ಲಿ ಓಡಾಡಿಕೊಂಡಿತ್ತು. ಆಮೇಲೆ ಓದಿದವರು ಅದರೊಳಗೆ ‘ಜುಸ್ತ್’, ಅಂದರೆ ಸರಿ, ನ್ಯಾಯ ಅನ್ನುವ ಪದವನ್ನು ಕಂಡರು. ಪದದ ರೂಪವನ್ನೂ ಅರ್ಥವನ್ನೂ ಅತ್ತ ಎಳೆದರು. ಈಗ ಫ್ರೆಂಚಿನಲ್ಲಿ ಎರಡು ಪದಗಳಿವೆ. ‘ಅಜೂತೆ’ ಅಂದರೆ ಸೇರಿಸು, ಕೂಡಿಸು. ‘ಅಜ್ಯುಸ್ತೆ’ ಅಂದರೆ ಸರಿಹೊಂದಿಸು. ಒಂದೇ ತಾಯಿಯ ಮಕ್ಕಳು. ಒಬ್ಬ ಹಳೇ ಮನೆಯಲ್ಲೇ ಉಳಿದ, ಇನ್ನೊಬ್ಬ ನ್ಯಾಯದ ಮನೆಗೆ ದತ್ತು ಹೋದ. ಇಂಗ್ಲಿಷಿಗೆ ಈ ಪದ 14ನೇ ಶತಮಾನದ ಕೊನೆಯಲ್ಲಿ ಒಮ್ಮೆ ಬಂತು. 1600ರ ಆಸುಪಾಸಿನಲ್ಲಿ ಫ್ರೆಂಚಿನಿಂದ ಮತ್ತೊಮ್ಮೆ ಬಂತು. ಹಾಗೆ ಬಂದದ್ದು ದತ್ತು ಹೋದವನು. ಅದಕ್ಕೇ ಇಂಗ್ಲಿಷಿನ ಅಡ್ಜಸ್ಟಿಗೆ ‘ಸರಿ ಮಾಡು’ ಅನ್ನುವ ಛಾಯೆ.

ಪದದ ಮುಖ ನೋಡಿ ಹುಟ್ಟಿಸುವ ಇಂಥ ಕತೆ ನಮಗೇನೂ ಹೊಸದಲ್ಲ. ನಮ್ಮ ತುಮಕೂರಿಗೇ ಎರಡು ಕತೆ ಹೇಳುತ್ತಾರೆ. ತುಂಬೆ ಗಿಡ ಜಾಸ್ತಿ ಇದ್ದ ಊರು ಅಂತ ಕೆಲವರು, ತಮಟೆ ಬಾರಿಸುವವರ ಊರು ಅಂತ ಕೆಲವರು. ಎರಡೂ ಕಡೆಯವರಿಗೆ ಅವರವರ ಕತೆ ಬಗ್ಗೆ ಸಂಶಯವೇ ಇಲ್ಲ.

ಇದನ್ನೆಲ್ಲ ಓದುತ್ತಾ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಕನ್ನಡದ್ದು. ‘ಪಕ್ಕಕ್ಕೆ’ ಮತ್ತು ‘ನ್ಯಾಯ’ ಅನ್ನುವ ಎರಡು ಅರ್ಥ ಒಂದೇ ಪದದಲ್ಲಿ ಕಲೆಸಿಹೋಗೋಕೆ ಯುರೋಪಿನಲ್ಲಿ ಶತಮಾನಗಳು ಬೇಕಾದವು. ಕನ್ನಡದಲ್ಲಿ ಅದು ಮೊದಲಿಂದಲೂ ಕೈಯಲ್ಲೇ ಇದೆ. ‘ಸರಿ’ ನೋಡಿ. “ಆ ಕಡೆ ಸರಿ” ಅಂದರೆ ಪಕ್ಕಕ್ಕೆ ಜರುಗು. “ನೀನು ಹೇಳಿದ್ದು ಸರಿ” ಅಂದರೆ ನ್ಯಾಯ, ತಕ್ಕದ್ದು. ಸರಿಪಾಲು ಅಂದರೆ ಸಮಪಾಲು. ನಿಘಂಟಿನಲ್ಲಿ ಇವು ಬೇರೆ ಬೇರೆ ಪದಗಳು, ನೆಂಟಸ್ತನ ಹೇಳೋಕೆ ಹೋದರೆ ನಾನೂ ಫ್ರೆಂಚರ ಥರ ಆಗುತ್ತೇನೆ. ಆದರೆ ಬಾಯಲ್ಲಿ ಒಂದೇ ಸದ್ದು. ರೈಲಿನಲ್ಲಿ ನಾಲ್ಕನೆಯವರು “ಒಸಿ ಸರೀರಿ” ಅನ್ನುತ್ತಾರೆ, ಕೂತವರು “ಸರಿ” ಅನ್ನುತ್ತಾರೆ. ಅಡ್ಜಸ್ಟಿನ ಇಡೀ ಇತಿಹಾಸ ಈ ಎರಡು ‘ಸರಿ’ಗಳಲ್ಲಿ ಮುಗಿಯಿತು.

ಇನ್ನೊಂದು ತಮಾಷೆ. ಅಡ್ಜಸ್ಟನ್ನು ನಾವು ಒಂದು ತಪ್ಪು ಇಂಗ್ಲಿಷ್ ಅಂತ ನಗುತ್ತೇವೆ. ಆದರೆ ಅದರ ಮೊದಲ ಅರ್ಥ ಏನಿತ್ತು? ಪಕ್ಕಕ್ಕೆ ತಂದು ಕೂಡಿಸು. ಲಂಡನ್ನಿನವರು ಮರೆತ ಆ ಅರ್ಥ ಯಾವ ಲ್ಯಾಟಿನ್ನೂ ಓದದ ತುಮಕೂರಿನ ಪಾಸ್ ಪ್ರಯಾಣಿಕರ ಬಾಯಲ್ಲಿ ಮತ್ತೆ ಬಂದು ಕೂತಿದೆ. ಹಳೇದನ್ನು ಯಾರೂ ಬೇಕಂತ ಹುಡುಕಿ ತಂದದ್ದಲ್ಲ, ಸೀಟು ಸಾಲದೆ ತಾನಾಗಿ ಆದದ್ದು.

ಯುಕ್ಸ್ತಾದ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ‘ಕೂಡಿಸು, ಕಟ್ಟು’ ಅನ್ನುವ ಅರ್ಥದ ಒಂದು ಬಹಳ ಹಳೆಯ ಧಾತು ಅದರ ತಾಯಿ. ಇಂಗ್ಲಿಷಿನ ಜಾಯಿನ್, ಜಂಕ್ಷನ್, ಎತ್ತಿನ ಹೆಗಲ ಮೇಲಿನ ನೊಗಕ್ಕೆ ಹೇಳುವ ಯೋಕ್, ಇವೆಲ್ಲ ಅದೇ ಮನೆಯವು. ಸಂಸ್ಕೃತದಲ್ಲಿ ಅದೇ ಧಾತು ‘ಯುಜ್’. ಅದರಿಂದ ಯೋಗ, ಯುಕ್ತ, ಸಂಯೋಗ, ವಿಯೋಗ. ಸಂಸ್ಕೃತದ ಯುಗಕ್ಕೂ ನೊಗ ಅನ್ನುವ ಅರ್ಥ ಇದೆ. ನಮ್ಮ ಬಾಯಲ್ಲಿ ದಿನಾ ಓಡಾಡುವ ಉದ್ಯೋಗವೂ ಇದೇ ಬಳಗ. ಹಾಗಾಗಿ ನನ್ನ ಅಳಿಯ ಬೆಳಿಗ್ಗೆ ಉದ್ಯೋಗಕ್ಕೆ ಹೊರಟು, ಸೀಟಿನಲ್ಲಿ ಅಡ್ಜಸ್ಟ್ ಮಾಡಿಕೊಂಡು, ಯಶವಂತಪುರ ಜಂಕ್ಷನ್ನಿನಲ್ಲಿ ಇಳಿಯುವಷ್ಟರಲ್ಲಿ ಒಂದೇ ಧಾತುವಿನ ಮೂರು ಮಕ್ಕಳನ್ನು ಮಾತಾಡಿಸಿಕೊಂಡು ಬಂದಿರುತ್ತಾನೆ. ಕುದುರೆ ಮೇಲೆ ಕೂತ ಯೋಧರು ಭರ್ಜಿ ಹಿಡಿದು ಎದುರುಬದುರು ನುಗ್ಗುವ ಕಾಳಗಕ್ಕೆ ಇಂಗ್ಲಿಷಿನಲ್ಲಿ ಜೌಸ್ಟ್ ಅನ್ನುತ್ತಾರೆ. ಅದೂ ಯುಕ್ಸ್ತಾದ ಮಗುವೇ. ಹತ್ತಿರ ಬಂದವರು ಪಕ್ಕದಲ್ಲಿ ಕೂರಲೂಬಹುದು, ತಿವಿಯಲೂಬಹುದು. ಸೋಮವಾರ ಬೆಳಗಿನ ಗಾಡಿಯಲ್ಲಿ ಎರಡೂ ನೋಡಬಹುದು.

ಉಚ್ಚಾರದ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ನಮ್ಮಜ್ಜಿ ‘ಅಜ್ಜಸ್ಟು’ ಅನ್ನುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ನಗಬಾರದಿತ್ತು. ಇಂಗ್ಲಿಷಿನವರೂ ಅಲ್ಲಿ ‘ಡ್’ ಅನ್ನು ಬೇರೆಯಾಗಿ ಒತ್ತಿ ಹೇಳುವುದಿಲ್ಲ, ಅದು ಜ ಜೊತೆಗೇ ಕರಗಿಹೋಗುತ್ತದೆ. ಮೊದಲ ಸಲ ಇಂಗ್ಲಿಷಿಗೆ ಬಂದಾಗಲೂ ಅದಕ್ಕೆ ಡ ಇರಲಿಲ್ಲ. ಲ್ಯಾಟಿನ್ನಿನ ‘ಅದ್’ ನೆನಪಿಗೆ ಆಮೇಲೆ ಕಾಗುಣಿತದಲ್ಲಿ ಡ ಸೇರಿಸಿದರು. ಇಲ್ಲಿ ಅದು ಹಕ್ಕಿನ ಡ. ಅಡ್ವಾನ್ಸ್ ಅನ್ನುವ ಪದದಲ್ಲಿರುವ ಡ ಮಾತ್ರ ಪೂರ್ತಿ ತಪ್ಪಿನಿಂದ ಬಂದದ್ದು. ಅದು ಫ್ರೆಂಚಿನ ‘ಅವಾನ್ಸೆ’. ಮೂಲದಲ್ಲಿ ‘ಅದ್’ ಇರಲೇ ಇಲ್ಲ. ಇದೆ ಅಂತ ತಿಳಿದು 16ನೇ ಶತಮಾನದಲ್ಲಿ ತುರುಕಿದರು.

ಅಡ್ವಾನ್ಸೂ ಅಡ್ಜಸ್ಟೂ ಒಟ್ಟಿಗೆ ಸಿಗಬೇಕಾದರೆ ತಿಪಟೂರಿನ ಕಡೆ ಹೋಗಬೇಕು. ಅಲ್ಲಿ ಉಂಡೆ ಕೊಬ್ಬರಿ. ಕಾಯಿ ಇಳಿಸಿ, ಅಟ್ಟದ ಮೇಲೆ ಹಾಕಿದರೆ ಒಳಗಿನ ನೀರು ಇಂಗಿ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ವರ್ಷ ಬೇಕು. ಅಷ್ಟು ದಿನ ದುಡ್ಡು ಅಟ್ಟದ ಮೇಲೆ ಮಲಗಿರುತ್ತದೆ. ನಡುವೆ ಮಕ್ಕಳ ಫೀಸು ಬರುತ್ತದೆ, ಮದುವೆ ಬರುತ್ತದೆ. ರೈತರು ಮಂಡಿಯವರ ಹತ್ತಿರ ಅಡ್ವಾನ್ಸ್ ತೆಗೆದುಕೊಳ್ಳುತ್ತಾರೆ. “ಕೊಬ್ಬರಿ ಬಿಟ್ಟಾಗ ಅಡ್ಜಸ್ಟ್ ಮಾಡ್ಕಳಿ” ಅನ್ನುತ್ತಾರೆ. ಈ ಅಡ್ಜಸ್ಟ್ ಇಂಗ್ಲಿಷಿನ ಲೆಕ್ಕದ ಅಡ್ಜಸ್ಟಿಗೆ ಬಹಳ ಹತ್ತಿರ. ಬರಬೇಕಾದ್ದರಲ್ಲಿ ಕೊಟ್ಟದ್ದನ್ನು ಮುರಿದುಕೊಳ್ಳುವುದು. ಬಾಡಿಗೆ ಮನೆಯ ಅಡ್ವಾನ್ಸನ್ನು ಕೊನೆಯ ತಿಂಗಳುಗಳ ಬಾಡಿಗೆಗೆ ವಜಾ ಹಾಕಿಕೊಳ್ಳುವುದೂ ಇದೇ. ಇದಕ್ಕೆ ಹಳಬರು ‘ಮುರ್ಕೊಳ್ಳಿ’, ‘ವಜಾ ಮಾಡ್ಕೊಳ್ಳಿ’ ಅನ್ನುತ್ತಿದ್ದರು. ಈಗಲೂ ಅನ್ನುವವರಿದ್ದಾರೆ.

ಪದ ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ನಿಜವಾದ ರುಚಿ ಹತ್ತಿಸಿದ್ದು ನಮ್ಮ ವ್ಯಾಕರಣ. ಇಂಗ್ಲಿಷಿನ ಕ್ರಿಯಾಪದವನ್ನು ಕನ್ನಡ ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಸಂಸ್ಕೃತದ್ದಾದರೆ ‘ಇಸು’ ಹಚ್ಚಿ ಸ್ವೀಕರಿಸು, ಬೋಧಿಸು ಅನ್ನುತ್ತೇವೆ. ‘ಅಡ್ಜಸ್ಟಿಸು’ ಅಂತ ತಮಾಷೆಗೆ ಬಿಟ್ಟರೆ ಯಾರೂ ಅನ್ನುವುದಿಲ್ಲ. ಪಕ್ಕದಲ್ಲಿ ಒಂದು ಕನ್ನಡದ ಕ್ರಿಯಾಪದ ಕೂರಿಸಬೇಕು. ಯಾವುದನ್ನು ಕೂರಿಸುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

“ಕನ್ನಡಿ ಅಡ್ಜಸ್ಟ್ ಮಾಡು” ಅಂದರೆ ಬರೀ ಕೆಲಸ. “ಹೊಸ ಸ್ಕೂಲಿಗೆ ಅಡ್ಜಸ್ಟ್ ಆದ” ಅಂದರೆ ಒಗ್ಗಿಹೋದ. ಇವೆರಡೂ ಇಂಗ್ಲಿಷಿನಲ್ಲೂ ಇವೆ. “ಅಡ್ಜಸ್ಟ್ ಮಾಡಿಕೊಡಿ” ಅಂದರೆ ನನಗಾಗಿ ಏನಾದರೂ ಮಾಡಿ. ಐದು ಸಾವಿರ ಕೈಸಾಲ ಇರಬಹುದು, ಡಾಕ್ಟರ ಹತ್ತಿರ ಬೇಗ ಒಳಗೆ ಬಿಡುವುದಿರಬಹುದು. “ಅಡ್ಜಸ್ಟ್ ಮಾಡ್ಕೊಳ್ಳಿ” ಅಂದರೆ ಪೂರ್ತಿ ಬೇರೆ. ‘ಕೊಳ್ಳು’ ಸೇರಿದ ತಕ್ಷಣ ಕೆಲಸ ಮಾಡುವವರ ಮೇಲೇ ತಿರುಗುತ್ತದೆ. ಬಡಿಸು, ಬಡಿಸಿಕೋ. ಹೊಡೆ, ಹೊಡೆದುಕೋ. ಹಾಗೇ ಅಡ್ಜಸ್ಟ್ ಮಾಡ್ಕೊಳ್ಳಿ ಅಂದರೆ ನಿಮ್ಮನ್ನು ನೀವೇ ಸ್ವಲ್ಪ ತಿರುಗಿಸಿಕೊಳ್ಳಿ, ನಟ್ ನೀವೇ, ಸ್ಪ್ಯಾನರೂ ನೀವೇ. ಆ ‘ಕೊಳ್ಳು’ ಇಂಗ್ಲಿಷಿಗೆ ಇಲ್ಲ. ನನ್ನ ಅಳಿಯ ತಲೆಯಲ್ಲಿ ‘ಮಾಡ್ಕೊಳ್ಳಿ’ ಅಂದುಕೊಂಡು, ಮೇಲಿನಲ್ಲಿ ಬರೀ ‘ಅಡ್ಜಸ್ಟ್’ ಕಳಿಸಿದ. ಪದ ಸಮುದ್ರ ದಾಟಿತು, ‘ಕೊಳ್ಳು’ ಇಲ್ಲೇ ಉಳಿಯಿತು.

ನಮ್ಮೊಬ್ಬರದೇ ಕತೆಯಲ್ಲ ಇದು. ತೆಲುಗರು ‘ಅಡ್ಜಸ್ಟ್ ಚೇಸ್ಕೋಂಡಿ’ ಅನ್ನುತ್ತಾರೆ, ಅಲ್ಲೂ ನಮ್ಮ ‘ಕೊಳ್ಳು’ ಥರದ್ದೇ ಒಂದು ಬಾಲ. ತಮಿಳರು ‘ಕೊಂಜಂ ಅಡ್ಜಸ್ಟ್ ಪಣ್ಣುಂಗ’ ಅನ್ನುತ್ತಾರೆ. ಪಾವಗಡದ ಕಡೆ ಬಸ್ಸಿನಲ್ಲಿ ಕನ್ನಡ, ತೆಲುಗು ಎರಡರಲ್ಲೂ ಅಡ್ಜಸ್ಟ್ ಕೇಳಿಸುತ್ತದೆ. ಭಾಷೆ ಬೇರೆ ಆದರೂ ಸೀಟು ಅಷ್ಟೇ ಅಗಲ.

ನಾಮಪದ ಆದಾಗ ಮಾತ್ರ ಪದಕ್ಕೆ ಬೇರೆ ವಾಸನೆ ಬರುತ್ತದೆ. ಶಾಲೆಯಲ್ಲಿ ಮೇಷ್ಟ್ರು ರಜೆ ಹಾಕಿದರೆ ಅವರ ತರಗತಿಗೆ ಇನ್ನೊಬ್ಬರನ್ನು ಕಳಿಸುವುದು ಅಡ್ಜಸ್ಟ್‌ಮೆಂಟ್ ಪೀರಿಯಡ್. ಮಕ್ಕಳಿಗೆ ಹಬ್ಬ. ಇದು ನಿರಪಾಯ. ಆದರೆ ‘ಅಡ್ಜಸ್ಟ್‌ಮೆಂಟ್ ರಾಜಕೀಯ’ ಅಂದ ತಕ್ಷಣ ನಮ್ಮ ರಾಜ್ಯದಲ್ಲಿ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು, ಹೊರಗೆ ಎದುರಾಳಿಗಳು, ಒಳಗೆ ಒಪ್ಪಂದ. ಈ ಅರ್ಥ ಇಂಗ್ಲಿಷಿನ ನಿಘಂಟು ನೋಡಿದರೆ ಹೊಳೆಯುವಂಥದಲ್ಲ. ಸಿನಿಮಾ ರಂಗದಲ್ಲಿ ಹೆಣ್ಣುಮಕ್ಕಳಿಗೆ “ಅಡ್ಜಸ್ಟ್‌ಮೆಂಟ್ ಇರುತ್ತೆ” ಅಂತ ಹೇಳುವಾಗ ಅದರ ಅರ್ಥ ಇನ್ನೂ ಹೊಲಸು. ಅಲ್ಲಿ ಕೇಳುವವರು ಪದದ ನಯವನ್ನೇ ಮುಸುಕು ಮಾಡಿಕೊಂಡಿರುತ್ತಾರೆ.

ಮನೆಯೊಳಗೂ ಈ ಪದ ಎಲ್ಲರಿಗೂ ಸಮವಾಗಿ ಬೀಳುವುದಿಲ್ಲ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಮ್ಮ” ಅಂತ ಹೊಸ ಸೊಸೆಗೆ ಹೇಳಿದ್ದನ್ನು ಎಷ್ಟು ಸಲ ಕೇಳಿದ್ದೀರಿ? “ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗಪ್ಪ” ಅಂತ ಮಗನಿಗೆ ಹೇಳಿದ್ದನ್ನು? ರೈಲಿನಲ್ಲಿ ಮೂವರೂ ನಾಲ್ಕು ನಾಲ್ಕು ಬೆರಳು ಸರಿಯುತ್ತಾರೆ. ಮನೆಯಲ್ಲಿ ಒಬ್ಬಳೇ ಸರಿಯುತ್ತಾ ಸರಿಯುತ್ತಾ ಸೀಟಿನ ತುದಿಗೆ ಬಂದಿರುತ್ತಾಳೆ. ಇದಕ್ಕೆ ಇಂಗ್ಲಿಷನ್ನು ದೂರಿ ಪ್ರಯೋಜನ ಇಲ್ಲ. ಈ ಪದ ಬರುವ ಮೊದಲು ‘ಅನುಸರಿಸಿಕೊಂಡು ಹೋಗು’ ಅನ್ನುತ್ತಿದ್ದರು. ಅದೂ ಅವಳಿಗೇ. ಅದರಲ್ಲೂ ‘ಕೊಳ್ಳು’ ಇದೆ, ನೋಡಿ.

ಕನ್ನಡದಲ್ಲಿ ಇದಕ್ಕೆ ಪದವೇ ಇರಲಿಲ್ವಾ ಅಂತ ಕೆಲವರು ಕೇಳುತ್ತಾರೆ. ಹೊಂದಾಣಿಕೆ ಅಂತ ಪುಸ್ತಕದಲ್ಲಿ ಬರೆಯುತ್ತೇವೆ. ಒಳ್ಳೆಯ ಪದವೇ. ಆದರೆ ಕ್ಯಾತಸಂದ್ರದಲ್ಲಿ ಹತ್ತಿ “ಸ್ವಲ್ಪ ಹೊಂದಾಣಿಕೆ ಮಾಡಿಕೊಳ್ಳಿ” ಅಂದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಬಾಯಿಮಾತಿನಲ್ಲಿ ನಮಗೆ ಒಂದಲ್ಲ, ಐದಾರು ಪದಗಳಿದ್ದವು, ಒಂದೊಂದಕ್ಕೆ ಒಂದೊಂದು ಕೆಲಸ. ಜಾಗ ಬಿಡೋಕೆ ಜರುಗು, ಸರಿ. ಹೊಸ ಊರಿನ ನೀರಿಗೆ ಒಗ್ಗು. ಕಡಿಮೆ ದುಡ್ಡಿನಲ್ಲಿ ಸಂಸಾರ ತೂಗಿಸು. ಇದ್ದುದರಲ್ಲೇ ಕಷ್ಟದ ದಿನ ದಾಟಿಸೋಕೆ ಸುಧಾರಿಸಿಕೋ. ನೆಂಟರು ಜಾಸ್ತಿ ಬಂದಾಗ ಅವ್ವ ಸಾರಿಗೆ ಒಂದು ಚೊಂಬು ನೀರು ಸೇರಿಸಿ, ಮುದ್ದೆ ಸ್ವಲ್ಪ ಸಣ್ಣದಾಗಿ ಕಟ್ಟಿ ಸುಧಾರಿಸುತ್ತಿದ್ದರು. ಅದನ್ನು ಈಗ “ಅಡ್ಜಸ್ಟ್ ಮಾಡಿದ್ರು” ಅನ್ನುತ್ತೇವೆ. ಪರವಾಗಿಲ್ಲ, ಅರ್ಥ ಆಗುತ್ತೆ. ಆದರೆ ತೂಗಿಸು ಅನ್ನುವಾಗ ಕಣ್ಣಿಗೆ ಬರುವ ತಕ್ಕಡಿ ಅಡ್ಜಸ್ಟಿನಲ್ಲಿ ಬರುವುದಿಲ್ಲ. ಎರವಲು ಪದ ಬಂತು ಅಂತ ನನಗೆ ಸಂಕಟ ಇಲ್ಲ. ಐದು ಪದಗಳ ಕೆಲಸಕ್ಕೆ ಒಂದನ್ನೇ ಇಟ್ಟುಕೊಂಡದ್ದು ಮಾತ್ರ ಸ್ವಲ್ಪ ಸೋಮಾರಿತನ ಅನಿಸುತ್ತದೆ.

ಇನ್ನು ಅಳಿಯನ ಮೇಲ್. ಇಂಗ್ಲಿಷಿನವರಿಗೆ ಬರೆಯುವಾಗ ಅಡ್ಜಸ್ಟ್ ಅನ್ನುವ ಗಂಟನ್ನು ಬಿಚ್ಚಿ ಬರೆಯಬೇಕು. ತಡ ಆಗಿದ್ದಕ್ಕೆ ತಾಳ್ಮೆ ಕೇಳುತ್ತಿದ್ದೀಯಾ? ಹಾಗಾದರೆ ‘ಪ್ಲೀಸ್ ಬೇರ್ ವಿತ್ ಅಸ್’. ತಾರೀಕು ಮುಂದಕ್ಕೆ ಹಾಕು ಅಂತ ಕೇಳುತ್ತಿದ್ದೀಯಾ? ‘ಕುಡ್ ವೀ ಮೂವ್ ದಿ ಡೇಟ್ ಟು ಫ್ರೈಡೇ?’ ವಸ್ತು ಸೇರಿಸಿದರೆ ಅಡ್ಜಸ್ಟೇ ಸಾಕು, ‘ಕುಡ್ ಯು ಅಡ್ಜಸ್ಟ್ ದಿ ಶೆಡ್ಯೂಲ್?’ ಅಂದರೆ ಯಾರಿಗೂ ಗೊಂದಲ ಇಲ್ಲ. ಅವನು ಮೂರನ್ನೂ ನೋಡಿ, ತಲೆ ಕೆರೆದುಕೊಂಡ. ತನಗೆ ಬೇಕಾಗಿದ್ದು ಯಾವುದು ಅಂತ ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಎರಡನೆಯದನ್ನು ಕಳಿಸಿದ. ಗಿರಾಕಿ ಐದು ನಿಮಿಷದಲ್ಲಿ ಒಪ್ಪಿದರಂತೆ.

“ಮತ್ತೆ ರೈಲಿನಲ್ಲಿ ಕೇಳೋದನ್ನ ಅವರು ಹೇಗೆ ಕೇಳ್ತಾರೆ ಮಾವ?” ಅಂದ. ಬ್ರಿಟನ್ನಿನಲ್ಲಿ ಆಡುಮಾತಿನಲ್ಲಿ ‘ಬಜ್ ಅಪ್’ ಅನ್ನುತ್ತಾರೆ, ಒತ್ತಿಕೊಂಡು ಕೂತು ಜಾಗ ಬಿಡಿ ಅಂತ. ಸಲುಗೆ ಇದ್ದವರ ಹತ್ತಿರ ಹೇಳುವ ಮಾತು. ಅಮೆರಿಕದಲ್ಲಿ ‘ಸ್ಕೂಟ್ ಓವರ್’ ಅಂತಾರೆ ಅಂದೆ. ಬಜ್ ಅಪ್ ಅವನಿಗೆ ಬಹಳ ಹಿಡಿಸಿತು.

ಮಾರನೇ ದಿನ ತುಮಕೂರಿನಲ್ಲೇ ಗಾಡಿ ತುಂಬಿತ್ತಂತೆ. ಸೀಟಿನ ತುದಿಯಲ್ಲಿ ನಿಂತು, ನಗುತ್ತಾ “ಒಸಿ ಬಜ್ ಅಪ್” ಅಂದನಂತೆ. ಕಿಟಕಿ ಪಕ್ಕದವರು ಕಿವಿಯಿಂದ ಇಯರ್‌ಫೋನ್ ತೆಗೆದು, “ಏನಣ್ಣ?” ಅಂದರಂತೆ.